ಕಾರ್ಡ್ ಉಜ್ಜಿ ಡಾಲರ್ ನಾಣ್ಯ, ನಾಣ್ಯದಿಂದ ವಿಮಾನದ ಟಿಕೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ನಮ್ಮವರು ನಾಲ್ಕು ಜನ ಸೇರಿದ ಕಡೆ ಕ್ರೆಡಿಟ್ ಕಾರ್ಡ್ ಪಾಯಿಂಟಿನ ಮಾತು ಬಂದೇ ಬರುತ್ತದೆ. ಊರಿಗೆ ಹೋಗಿಬರುವ ಟಿಕೆಟ್ ದುಬಾರಿ. ಮನೆಯಲ್ಲಿ ನಾಲ್ಕು ಜನ ಇದ್ದರಂತೂ ಕೇಳಲೇಬೇಡಿ. ಆ ಮಾತಿನ ನಡುವೆ ಯಾರಾದರೂ ಒಬ್ಬರು ಡಾಲರ್ ನಾಣ್ಯದ ಕಥೆ ಎತ್ತುತ್ತಾರೆ. ಆಮೇಲೆ ಪ್ರಶ್ನೆಗಳ ಸುರಿಮಳೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕಾರ್ಡಿನಲ್ಲಿ ಡಾಲರ್ ನಾಣ್ಯ ಕೊಂಡು ವಿಮಾನದ ಟಿಕೆಟ್ ಗಿಟ್ಟಿಸುವ ಈ ದಾರಿ 2011ರಲ್ಲೇ ಮುಚ್ಚಿದೆ. ಆದರೆ ಅದು ಹೇಗೆ ನಡೆಯಿತು ಅಂತ ಗೊತ್ತಿದ್ದರೆ ಇವತ್ತಿನ ಕಾರ್ಡ್ ಆಫರ್‌ಗಳನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ.

## ಮೊದಲು ಕಥೆ ಏನು ಅಂತ

ಕಾರ್ಡಲ್ಲಿ ದುಡ್ಡನ್ನೇ ಕೊಂಡು ಫ್ರೀಯಾಗಿ ವಿಮಾನ ಹತ್ತಿದ್ರಂತೆ, ನಿಜಾನಾ?

ನಿಜ. 2008ರಿಂದ 2011ರವರೆಗೆ ಇದು ನಡೆಯಿತು. ಅಮೆರಿಕದ ಸರ್ಕಾರಿ ಟಂಕಸಾಲೆ, ಅಂದರೆ ಯುಎಸ್ ಮಿಂಟ್, ಒಂದು ಡಾಲರಿನ ನಾಣ್ಯಗಳನ್ನು ತನ್ನ ವೆಬ್‌ಸೈಟಿನಲ್ಲಿ ಮುಖಬೆಲೆಗೇ ಮಾರುತ್ತಿತ್ತು. 250 ನಾಣ್ಯದ ಪೆಟ್ಟಿಗೆಗೆ 250 ಡಾಲರ್. ಕೊರಿಯರ್ ಖರ್ಚು ಸರ್ಕಾರದ್ದು. ಕ್ರೆಡಿಟ್ ಕಾರ್ಡ್ ತಗೊಳ್ಳುತ್ತಿದ್ದರು. ಜನ ಮೈಲ್ಸ್ (ವಿಮಾನದ ಟಿಕೆಟಿಗೆ ಬದಲಾಯಿಸಿಕೊಳ್ಳುವ ಪಾಯಿಂಟ್) ಕೊಡುವ ಕಾರ್ಡಿನಲ್ಲಿ ಪೆಟ್ಟಿಗೆ ತರಿಸಿ, ನಾಣ್ಯಗಳನ್ನು ಬ್ಯಾಂಕಿಗೆ ಕಟ್ಟಿ, ಅದೇ ದುಡ್ಡಿನಲ್ಲಿ ಕಾರ್ಡ್ ಬಿಲ್ ತೀರಿಸಿದರು. ಕೈಯಿಂದ ಒಂದು ಪೈಸೆ ಹೋಗಲಿಲ್ಲ, ಮೈಲ್ಸ್ ಮಾತ್ರ ಉಳಿಯಿತು.

ಅಮೆರಿಕದಲ್ಲಿ ಒಂದು ಡಾಲರ್ ಅಂದ್ರೆ ನೋಟು ಅಲ್ವಾ? ನಾಣ್ಯ ನೋಡೇ ಇಲ್ಲ ನಾನು.

ಅಲ್ಲಿ ಹತ್ತಾರು ವರ್ಷ ಇದ್ದವರೂ ಹೀಗೇ ಹೇಳುತ್ತಾರೆ. ನಾಣ್ಯ ಇದೆ, ಕೈಗೆ ಸಿಗುವುದಿಲ್ಲ ಅಷ್ಟೆ. 1979ರಲ್ಲಿ ಮಹಿಳಾ ಹಕ್ಕಿನ ಹೋರಾಟಗಾರ್ತಿ ಸೂಸನ್ ಬಿ. ಆಂಥನಿ ಮುಖದ ನಾಣ್ಯ ಬಂತು. ಅದು ಕಾಲು ಡಾಲರ್ ನಾಣ್ಯದ ಹಾಗೇ ಬೆಳ್ಳಗೆ, ಗಾತ್ರವೂ ಹತ್ತಿರ ಹತ್ತಿರ. ಚಿಲ್ಲರೆ ಎಣಿಸುವಾಗ ಜನ ತಬ್ಬಿಬ್ಬಾದರು. 2000ದಲ್ಲಿ ಅಮೆರಿಕದ ಮೂಲನಿವಾಸಿ ಮಹಿಳೆ ಸಕಜವೀಯ ಮುಖದ ಚಿನ್ನದ ಬಣ್ಣದ ನಾಣ್ಯ ಬಂತು. ಆಮೇಲೆ 2005ರ ಡಿಸೆಂಬರಿನಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಒಂದು ಕಾನೂನಿಗೆ ಸಹಿ ಹಾಕಿದರು. ಅದರ ಪ್ರಕಾರ 2007ರಿಂದ ವರ್ಷಕ್ಕೆ ನಾಲ್ಕು ಜನ ಮಾಜಿ ಅಧ್ಯಕ್ಷರ ಮುಖ ಇರುವ ಡಾಲರ್ ನಾಣ್ಯ ಹೊರಡಿಸಬೇಕು. ಜಾರ್ಜ್ ವಾಷಿಂಗ್ಟನ್‌ರಿಂದ ಶುರು. ಹಿಂಬದಿಯಲ್ಲಿ ಲಿಬರ್ಟಿ ಪ್ರತಿಮೆ. ಈ ಲೇಖನದ ಕಥಾನಾಯಕ ಮುಖ್ಯವಾಗಿ ಈ ಅಧ್ಯಕ್ಷರ ನಾಣ್ಯ.

ನ್ಯೂಯಾರ್ಕಿನಲ್ಲಿ ಇದ್ದವರಿಗೆ ನೆನಪಿರಬಹುದು. ಮೆಟ್ರೋಕಾರ್ಡ್ ಯಂತ್ರಕ್ಕೆ ದೊಡ್ಡ ನೋಟು ಹಾಕಿದರೆ ಚಿಲ್ಲರೆಯಾಗಿ ಈ ಹಳದಿ ನಾಣ್ಯ ಝಣಝಣ ಬೀಳುತ್ತಿತ್ತು. ತುಂಬಾ ಜನ ಈ ನಾಣ್ಯವನ್ನು ಮೊದಲು ನೋಡಿದ್ದೇ ಇಂಥ ಟಿಕೆಟ್ ಯಂತ್ರಗಳಲ್ಲಿ.

ಸರ್ಕಾರ ಮನೆ ಬಾಗಿಲಿಗೆ ನಾಣ್ಯ ಯಾಕೆ ಕಳಿಸ್ತಿತ್ತು? ಅದೂ ಕೊರಿಯರ್ ದುಡ್ಡು ತಗೊಳ್ಳದೆ?

ನಾಣ್ಯ ಅಚ್ಚು ಹಾಕುವುದು ಸುಲಭ, ಜನರ ಕೈಯಲ್ಲಿ ಓಡಾಡಿಸುವುದು ಕಷ್ಟ. ಬ್ಯಾಂಕುಗಳು ಡಾಲರ್ ನಾಣ್ಯ ತರಿಸಿಕೊಳ್ಳುವುದಕ್ಕೆ ಉತ್ಸಾಹ ತೋರಿಸಲಿಲ್ಲ. ಗಿರಾಕಿ ಕೇಳುವುದಿಲ್ಲ, ಹಾಗಾಗಿ ಬ್ಯಾಂಕು ಇಡುವುದಿಲ್ಲ. ಬ್ಯಾಂಕಿನಲ್ಲಿ ಇಲ್ಲ, ಹಾಗಾಗಿ ಗಿರಾಕಿಗೆ ಸಿಗುವುದಿಲ್ಲ. ಈ ಸುತ್ತು ಮುರಿಯಬೇಕು ಅಂತ 2008ರ ಜೂನ್‌ನಲ್ಲಿ ಟಂಕಸಾಲೆ ನೇರ ಮಾರಾಟ ಶುರು ಮಾಡಿತು. ಅಂಗಡಿಯವರು, ತಿಂಡಿ-ಪಾನೀಯದ ಯಂತ್ರ ಇಟ್ಟವರು, ಬಸ್ಸು-ರೈಲು ಸಂಸ್ಥೆಗಳು, ಸಾಮಾನ್ಯ ಜನ, ಯಾರು ಬೇಕಾದರೂ ತರಿಸಿಕೊಳ್ಳಿ, ಖರ್ಚು ಮಾಡಿ, ನಾಣ್ಯ ಊರೂರು ತಿರುಗಲಿ ಅನ್ನುವುದು ಉದ್ದೇಶ.

ಇದರಲ್ಲಿ ಸರ್ಕಾರಕ್ಕೂ ಲಾಭ ಇತ್ತು. ನಾಣ್ಯ ಮಾಡುವುದಕ್ಕೆ ಒಂದು ಡಾಲರಿಗಿಂತ ತುಂಬಾ ಕಡಿಮೆ ಖರ್ಚು. ಮುಖಬೆಲೆಗೂ ಖರ್ಚಿಗೂ ಇರುವ ಅಂತರ ಸರ್ಕಾರದ ಬೊಕ್ಕಸಕ್ಕೆ. ಜೊತೆಗೆ ನೋಟು ಬೇಗ ಹರಿದು ಹಾಳಾಗುತ್ತದೆ, ನಾಣ್ಯ ದಶಕಗಟ್ಟಲೆ ಬಾಳುತ್ತದೆ. ಒಂದು ಡಾಲರ್ ನೋಟನ್ನು ಪೂರ್ತಿ ಬಿಟ್ಟು ನಾಣ್ಯಕ್ಕೆ ಹೋದರೆ 30 ವರ್ಷದಲ್ಲಿ ಸುಮಾರು 550 ಕೋಟಿ ಡಾಲರ್ ಲಾಭ ಅಂತ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಓ 2011ರಲ್ಲಿ ಲೆಕ್ಕ ಹಾಕಿತ್ತು. ಆದರೆ ಆ ಲೆಕ್ಕಕ್ಕೆ ಒಂದು ಷರತ್ತು ಇತ್ತು. ನೋಟು ನಿಲ್ಲಿಸಬೇಕು. ಅದು ಆಗಲೇ ಇಲ್ಲ.

ಒಂದು ಡಾಲರ್ ಕೊಟ್ಟು ಒಂದು ಡಾಲರ್ ತಗೊಂಡರೆ ಲೆಕ್ಕ ಚುಕ್ತಾ ಅಲ್ವಾ? ಲಾಭ ಎಲ್ಲಿಂದ ಬಂತು?

ಲಾಭ ಬಂದದ್ದು ಕಾರ್ಡ್ ಕಡೆಯಿಂದ. ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಅಂಗಡಿಯವನ ಕೈಗೆ ಪೂರ್ತಿ ದುಡ್ಡು ಹೋಗುವುದಿಲ್ಲ. ನೂರು ಡಾಲರಿಗೆ ಸುಮಾರು ಎರಡು ಡಾಲರ್ ಬ್ಯಾಂಕು ಮತ್ತು ಕಾರ್ಡ್ ಕಂಪನಿಗಳ ಪಾಲಾಗುತ್ತದೆ. ಬ್ಯಾಂಕು ಅದರಲ್ಲಿ ಒಂದಿಷ್ಟನ್ನು ನಿಮಗೆ ಮೈಲ್ಸ್ ಅಂತಲೋ ಕ್ಯಾಶ್‌ಬ್ಯಾಕ್ ಅಂತಲೋ ವಾಪಸ್ ಕೊಡುತ್ತದೆ. ಅಂಗಡಿಯವನು ಸಾಮಾನಿನ ಬೆಲೆಯಲ್ಲೇ ಈ ಖರ್ಚು ಸೇರಿಸಿರುತ್ತಾನೆ.

ಟಂಕಸಾಲೆ ಮಾತ್ರ ಸೇರಿಸಲಿಲ್ಲ. ಒಂದು ಡಾಲರನ್ನು ಒಂದು ಡಾಲರಿಗೇ ಕೊಟ್ಟಿತು. ಕಾರ್ಡ್ ಶುಲ್ಕ ತಾನೇ ಭರಿಸಿತು, ಕೊರಿಯರ್ ತಾನೇ ಭರಿಸಿತು. ಇನ್ನೊಂದು ವಿಶೇಷ ನೋಡಿ. ಬೇರೆ ಯಾವ ಸಾಮಾನು ಕೊಂಡು ವಾಪಸ್ ಮಾರಿದರೂ ನಷ್ಟ ಆಗುತ್ತದೆ. ದುಡ್ಡನ್ನೇ ಕೊಂಡರೆ ಮಾರುವ ಕೆಲಸವೇ ಇಲ್ಲ.

ಮೈಲ್ಸ್, ಪಾಯಿಂಟ್, ಕ್ಯಾಶ್‌ಬ್ಯಾಕ್ ಎಲ್ಲಾ ಒಂದೇನಾ?

ಮೂಲ ಒಂದೇ, ಮೇಲೆ ಹೇಳಿದ ಆ ಎರಡು ಪರ್ಸೆಂಟ್. ಮೈಲ್ಸ್ ಒಂದು ವಿಮಾನ ಸಂಸ್ಥೆಯ ಲೆಕ್ಕದಲ್ಲಿ ಇರುತ್ತದೆ. ಪಾಯಿಂಟ್ ಬ್ಯಾಂಕಿನ ಲೆಕ್ಕದಲ್ಲಿ ಇರುತ್ತದೆ, ಬೇಕಾದಾಗ ವಿಮಾನಕ್ಕೋ ಹೋಟೆಲಿಗೋ ವರ್ಗಾಯಿಸಬಹುದು. ಕ್ಯಾಶ್‌ಬ್ಯಾಕ್ ನೇರ ದುಡ್ಡು. ಜಾಸ್ತಿ ತಲೆ ಕೆಡಿಸಿಕೊಳ್ಳಲು ಇಷ್ಟ ಇಲ್ಲದವರಿಗೆ ಕ್ಯಾಶ್‌ಬ್ಯಾಕೇ ಒಳ್ಳೆಯದು.

## ನಡೆದದ್ದು ಹೇಗೆ

ಒಂದು ಟಿಕೆಟ್‌ಗೆ ಎಷ್ಟು ನಾಣ್ಯ ಬೇಕಾಗ್ತಿತ್ತು?

ಲೆಕ್ಕ ಹಾಕಿ ನೋಡೋಣ. ಆಗ ಅಮೆರಿಕದ ಒಳಗೆ ಹೋಗಿಬರುವ ಟಿಕೆಟಿಗೆ ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಕನಿಷ್ಠ ದರ 25,000 ಮೈಲ್ಸ್. ಡಾಲರಿಗೆ ಒಂದು ಮೈಲ್ ಕೊಡುವ ಕಾರ್ಡ್ ಅಂದುಕೊಳ್ಳಿ. 25,000 ನಾಣ್ಯ ಬೇಕು. ಅಂದರೆ ನೂರು ಪೆಟ್ಟಿಗೆ.

ಒಂದು ನಾಣ್ಯದ ತೂಕ 8.1 ಗ್ರಾಂ. ಕಾಗದದ ರೋಲ್ ಒಂದರಲ್ಲಿ 25 ನಾಣ್ಯ, ಪೆಟ್ಟಿಗೆಯಲ್ಲಿ ಅಂಥ ಹತ್ತು ರೋಲ್. ರೋಲ್ ಅಂಗೈಯಲ್ಲಿ ಕೂರುತ್ತದೆ, ಇನ್ನೂರು ಗ್ರಾಂ ದಾಟುತ್ತದೆ. ಪೆಟ್ಟಿಗೆ ಎರಡು ಕೆಜಿ ಮೇಲೆ. ನೂರು ಪೆಟ್ಟಿಗೆ ಅಂದರೆ 202 ಕೆಜಿ ಲೋಹ. ಅದನ್ನು ಮನೆ ಬಾಗಿಲಿಂದ ಒಳಗೆ, ಒಳಗಿಂದ ಕಾರಿಗೆ, ಕಾರಿಂದ ಬ್ಯಾಂಕಿನ ಕೌಂಟರಿಗೆ ಸಾಗಿಸಬೇಕು. ಒಂದೇ ಸಲ ಅಲ್ಲ, ಸರಿ. ಆದರೂ 202 ಕೆಜಿ ಹೊತ್ತರೆ ಒಂದು ಟಿಕೆಟ್.

ಹಾಗಾಗಿ ಬುದ್ಧಿವಂತರು ಇದನ್ನು ಬೇರೆ ಕಡೆ ಬಳಸಿದರು. ಹೊಸ ಕಾರ್ಡಿಗೆ ಮೊದಲ ಮೂರು ತಿಂಗಳಲ್ಲಿ 3,000 ಡಾಲರ್ ಖರ್ಚು ಮಾಡಿದರೆ ದೊಡ್ಡ ಬೋನಸ್ ಅಂತ ಇರುತ್ತದಲ್ಲ, ಅಲ್ಲಿ. ಹನ್ನೆರಡು ಪೆಟ್ಟಿಗೆ, 24 ಕೆಜಿ ಚಿಲ್ಲರೆ. ಬೋನಸ್ ಕೈಗೆ. ಈ ಆಟದಲ್ಲಿ ನಿಜವಾದ ಲಾಭ ಇದ್ದದ್ದು ಇಲ್ಲೇ. ಡಾಲರಿಗೆ ಒಂದು ಮೈಲ್ ಅಂತ ಹೊತ್ತವರಿಗೆ ಸಿಕ್ಕಿದ್ದು ಮುಖ್ಯವಾಗಿ ಬೆನ್ನುನೋವು.

ಕ್ರೆಡಿಟ್ ಕಾರ್ಡಲ್ಲಿ ಎಟಿಎಂನಿಂದ ದುಡ್ಡು ತೆಗೆದರೆ ಅವತ್ತಿಂದಲೇ ಬಡ್ಡಿ ಬೀಳುತ್ತೆ. ಇದಕ್ಕೆ ಯಾಕೆ ಬೀಳಲಿಲ್ಲ?

ತುಂಬಾ ಒಳ್ಳೆಯ ಪ್ರಶ್ನೆ. ಇಡೀ ವಿಷಯದ ಗುಟ್ಟು ಇರುವುದೇ ಇಲ್ಲಿ.

ಬ್ಯಾಂಕಿಗೆ ನೀವು ಏನು ಕೊಂಡಿರಿ ಅಂತ ಕಾಣುವುದಿಲ್ಲ. ಯಾರ ಹತ್ತಿರ ಕೊಂಡಿರಿ ಅಂತ ಕಾಣುತ್ತದೆ. ಕಾರ್ಡ್ ತಗೊಳ್ಳುವ ಪ್ರತಿ ವ್ಯಾಪಾರಿಗೂ ನಾಲ್ಕಂಕಿಯ ಒಂದು ಕೋಡ್ ಇರುತ್ತದೆ. ದಿನಸಿ ಅಂಗಡಿಗೆ ಒಂದು, ಪೆಟ್ರೋಲ್ ಬಂಕಿಗೆ ಒಂದು, ಹೋಟೆಲಿಗೆ ಒಂದು. ಹಣ ಬದಲಾಯಿಸುವವರು, ಮನಿ ಆರ್ಡರ್ ಮಾರುವವರು ಇವರಿಗೆಲ್ಲ ಬೇರೆಯೇ ಕೋಡ್. ಆ ಕೋಡ್ ಬಂದರೆ ಬ್ಯಾಂಕು ಅದನ್ನು ನಗದು ತೆಗೆದ ಹಾಗೆ ಲೆಕ್ಕ ಹಾಕುತ್ತದೆ. ಶುಲ್ಕ ಹಾಕುತ್ತದೆ, ಮೊದಲ ದಿನದಿಂದ ಬಡ್ಡಿ ಹಾಕುತ್ತದೆ, ಪಾಯಿಂಟ್ ಕೊಡುವುದಿಲ್ಲ.

ಟಂಕಸಾಲೆ ಹೆಚ್ಚಾಗಿ ಸಂಗ್ರಹಕಾರರಿಗೆ ಚಂದದ ನಾಣ್ಯ, ಪದಕ ಮಾರುವ ಸಂಸ್ಥೆ. ಹಾಗಾಗಿ ಅಲ್ಲಿ ಮಾಡಿದ ಖರ್ಚು ಸಾಮಾನ್ಯವಾಗಿ ಸಾಮಾನು ಖರೀದಿ ಅಂತಲೇ ಬಿಲ್ಲಿನಲ್ಲಿ ಕಂಡಿತು. ಬೆಳ್ಳಿಯ ಪದಕ ಕೊಂಡರೂ ಅದೇ ಸಾಲು, 250 ಚಲಾವಣೆಯ ನಾಣ್ಯ ಕೊಂಡರೂ ಅದೇ ಸಾಲು.

ಇವತ್ತಿಗೂ ಇದು ತಿಳಿದಿರಲಿ. "ಈ ಖರ್ಚಿಗೆ ಪಾಯಿಂಟ್ ಬರುತ್ತಾ" ಅನ್ನುವುದಕ್ಕೆ ಉತ್ತರ ನೀವು ಕೊಂಡ ವಸ್ತುವಿನಲ್ಲಿ ಇರುವುದಿಲ್ಲ, ಮಾರಿದವರ ಕೋಡ್‌ನಲ್ಲಿ ಇರುತ್ತದೆ. ಪೆಟ್ರೋಲ್ ಬಂಕಿನ ಒಳಗಿನ ಅಂಗಡಿಯಲ್ಲಿ ಹಾಲು ಕೊಂಡರೆ ಅದು ಪೆಟ್ರೋಲ್ ಲೆಕ್ಕಕ್ಕೇ ಹೋಗಬಹುದು.

ಅಷ್ಟು ನಾಣ್ಯ ತಗೊಂಡು ಹೋದರೆ ಬ್ಯಾಂಕಿನವರು ಬೈಯ್ತಿರಲಿಲ್ವಾ?

ಕೆಲವರು ಸುಮ್ನೆ ತಗೊಂಡರು, ಕೆಲವರು ಮುಖ ಸಿಂಡರಿಸಿದರು. ಕ್ಯಾಷಿಯರ್ ಜಾಗದಲ್ಲಿ ನಿಂತು ನೋಡಿ. ಒಬ್ಬ ಗಿರಾಕಿ ವಾರ ವಾರ ಬರುತ್ತಾನೆ. ಕಾಗದ ಕೂಡ ಬಿಚ್ಚದ ರೋಲ್‌ಗಳನ್ನು ಕೌಂಟರ್ ಮೇಲೆ ಸಾಲಾಗಿ ಇಡುತ್ತಾನೆ. ಯಾರೂ ಕೇಳದ ನಾಣ್ಯ. ಅದನ್ನು ಬ್ಯಾಂಕು ಎಲ್ಲಿ ಇಡಬೇಕು? ಇಡುವುದಕ್ಕೆ ಜಾಗ ಬೇಕು, ಸಾಗಿಸುವುದಕ್ಕೆ ಭದ್ರತೆಯ ಗಾಡಿ ಬೇಕು. ಕೊನೆಗೆ ಅದು ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವಿನ ಭಂಡಾರಕ್ಕೆ ವಾಪಸ್ ಹೋಗುತ್ತಿತ್ತು.

ನಿಯತ್ತಾಗಿ ಖರ್ಚು ಮಾಡಿದವರೂ ಇದ್ದರು, ಅದನ್ನೂ ಹೇಳಬೇಕು. ದಿನಸಿ ಅಂಗಡಿಯಲ್ಲಿ, ಕಾಫಿ ಅಂಗಡಿಯ ಟಿಪ್ಸ್ ಡಬ್ಬಿಯಲ್ಲಿ ಈ ನಾಣ್ಯ ಹಾಕಿದರು. ಟಂಕಸಾಲೆ ಬಯಸಿದ್ದು ಇದನ್ನೇ. ಇವರಿಗೆ ಮೈಲ್ಸ್ ಸಿಕ್ಕಿದ್ದರ ಬಗ್ಗೆ ನನ್ನ ತಕರಾರು ಇಲ್ಲ.

ಟಂಕಸಾಲೆಯವರಿಗೆ ಗೊತ್ತೇ ಆಗಲಿಲ್ವಾ?

ಬೇಗನೇ ಗೊತ್ತಾಯಿತು. 2009ರ ಕೊನೆಗೆ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲೇ ಸುದ್ದಿ ಬಂತು. ಟಂಕಸಾಲೆ ಮಿತಿ ಹಾಕಿತು, ಹತ್ತು ದಿನಕ್ಕೆ 1,000 ನಾಣ್ಯ ಮಾತ್ರ. ಈ ಮಿತಿಯ ಒಳಗೇ ಇದ್ದರೂ ವರ್ಷಕ್ಕೆ 36,500 ಡಾಲರ್ ಖರ್ಚು ತೋರಿಸಬಹುದು. ಹಾಗಾಗಿ ಆಟ ನಿಲ್ಲಲಿಲ್ಲ, ಸ್ವಲ್ಪ ನಿಧಾನ ಆಯಿತು.

ಹಾಗಾದ್ರೆ ನಿಂತಿದ್ದು ಯಾವಾಗ?

2011ರ ಬೇಸಿಗೆಯಲ್ಲಿ. ಜೂನ್ ಕೊನೆಗೆ ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್ ಒಂದು ವರದಿ ಮಾಡಿತು. ಯಾರಿಗೂ ಬೇಡವಾದ ನೂರು ಕೋಟಿಗೂ ಹೆಚ್ಚು ಡಾಲರ್ ನಾಣ್ಯ ಫೆಡರಲ್ ರಿಸರ್ವಿನ ಭಂಡಾರಗಳಲ್ಲಿ ಕೊಳೆಯುತ್ತಿದೆ ಅನ್ನುವುದು ಆ ಸುದ್ದಿ. ಅದರ ಬೆನ್ನಲ್ಲೇ ಕಾರ್ಡ್ ಆಟದ ಸುದ್ದಿಯೂ ಮತ್ತೆ ಎದ್ದಿತು. ಜುಲೈ 22ರಿಂದ ಟಂಕಸಾಲೆ ಈ ನಾಣ್ಯಗಳಿಗೆ ಕ್ರೆಡಿಟ್ ಕಾರ್ಡ್, ಡೆಬಿಟ್ ಕಾರ್ಡ್ ಎರಡನ್ನೂ ನಿಲ್ಲಿಸಿತು. ಬೇಕಾದವರು ಚೆಕ್, ಮನಿ ಆರ್ಡರ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕ ತರಿಸಿಕೊಳ್ಳಬೇಕಾಯಿತು. ಮೈಲ್ಸ್ ಇಲ್ಲ ಅಂದಮೇಲೆ ಆಟಗಾರರಿಗೆ ನಾಣ್ಯದ ಕೆಲಸವೂ ಇಲ್ಲ.

ಅದೇ ಡಿಸೆಂಬರಿನಲ್ಲಿ ಉಪಾಧ್ಯಕ್ಷ ಜೋ ಬೈಡನ್ ಮತ್ತು ಖಜಾನೆ ಕಾರ್ಯದರ್ಶಿ ಟಿಮೋಥಿ ಗೈಟ್ನರ್ ದೊಡ್ಡ ನಿರ್ಧಾರ ಪ್ರಕಟಿಸಿದರು. ಚಲಾವಣೆಗಾಗಿ ಅಧ್ಯಕ್ಷರ ನಾಣ್ಯ ಮಾಡುವುದೇ ಬಂದ್. ಅಷ್ಟರಲ್ಲಿ ಹೆಚ್ಚುವರಿ ನಾಣ್ಯದ ರಾಶಿ 140 ಕೋಟಿ ಮುಟ್ಟಿತ್ತು. ಬಿಡುಗಡೆಯಾದ ಅಧ್ಯಕ್ಷರ ನಾಣ್ಯಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ವಾಪಸ್ ಬಂದಿದ್ದವು. ಆಮೇಲೆ ಬಂದ ಅಧ್ಯಕ್ಷರ ನಾಣ್ಯಗಳು ಸಂಗ್ರಹಕಾರರಿಗಾಗಿ ಮಾತ್ರ.

## ಸರಿಯೋ ತಪ್ಪೋ

ಇದು ಕಾನೂನಿಗೆ ವಿರುದ್ಧ ಆಗಿತ್ತಾ? ಯಾರಿಗಾದ್ರೂ ಶಿಕ್ಷೆ ಆಯ್ತಾ?

ನಾಣ್ಯ ಕೊಳ್ಳುವುದು, ಬ್ಯಾಂಕಿಗೆ ಕಟ್ಟುವುದು ಎರಡೂ ಕಾನೂನುಬದ್ಧ. ಅಷ್ಟಕ್ಕೇ ಅಪರಾಧ ಆಗುವುದಿಲ್ಲ. ಆದರೆ ಈ ನಾಣ್ಯ ಚಲಾವಣೆಗಾಗಿ ಅಂತ ಟಂಕಸಾಲೆ ಸ್ಪಷ್ಟವಾಗಿ ಹೇಳಿತ್ತು. ಕೊಂಡ ವಾರದಲ್ಲೇ ಕಾಗದ ಬಿಚ್ಚದೆ ಬ್ಯಾಂಕಿಗೆ ಕಟ್ಟಿದವರು ಆ ಮಾತನ್ನು ಮೀರಿದರು. ಕಾನೂನು ಮುರಿಯಲಿಲ್ಲ, ಕೊಟ್ಟವರ ಉದ್ದೇಶ ಮುರಿದರು. ನನ್ನ ಮಟ್ಟಿಗೆ ಅದು ಸರಿ ಅಲ್ಲ.

ಅಲ್ಲಾ, ಸರ್ಕಾರಕ್ಕೆ ಒಂದು ಡಾಲರಿಗೆ ಒಂದು ಡಾಲರ್ ಬಂತಲ್ಲ. ಮತ್ತೆ ನಷ್ಟ ಯಾರಿಗೆ?

ಒಂದು ಪೆಟ್ಟಿಗೆಯ ಹಾದಿ ಹಿಡಿದು ಹೋಗಿ. ಫಿಲಡೆಲ್ಫಿಯಾದಲ್ಲೋ ಡೆನ್ವರ್‌ನಲ್ಲೋ ನಾಣ್ಯ ಅಚ್ಚಾಯಿತು. ಅದಕ್ಕೆ ತಾಮ್ರ, ಸತು, ಮ್ಯಾಂಗನೀಸ್, ನಿಕ್ಕಲ್ ಬೇಕಾಯಿತು. ರೋಲ್ ಕಟ್ಟಿದರು, ಪೆಟ್ಟಿಗೆ ತುಂಬಿದರು. ಕೊರಿಯರ್ ದುಡ್ಡು ಕೊಟ್ಟರು. 250 ಡಾಲರಿನ ಮೇಲೆ ಕಾರ್ಡ್ ಶುಲ್ಕ ಕೊಟ್ಟರು. ಪೆಟ್ಟಿಗೆ ಒಂದು ಮನೆಯಲ್ಲಿ ಎರಡು ರಾತ್ರಿ ಕಳೆದು ಬ್ಯಾಂಕಿಗೆ ಹೋಯಿತು, ಬ್ಯಾಂಕಿಂದ ಫೆಡರಲ್ ರಿಸರ್ವಿಗೆ ಹೋಯಿತು. ಅಲ್ಲಿ ಇಟ್ಟುಕೊಳ್ಳುವುದಕ್ಕೂ ಕಾಯುವುದಕ್ಕೂ ಖರ್ಚು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಮ್ಮೆಯೂ ದಾಟಲಿಲ್ಲ. ಇಷ್ಟೂ ಖರ್ಚು ಅಮೆರಿಕದ ತೆರಿಗೆದಾರರದ್ದು. ಅಲ್ಲಿ ದುಡಿದು ತೆರಿಗೆ ಕಟ್ಟುವ ನಮ್ಮವರೂ ಅದರಲ್ಲಿ ಸೇರಿದ್ದಾರೆ.

ಆದರೆ ಭಂಡಾರ ತುಂಬಿದ್ದಕ್ಕೆ ಕಾರ್ಡ್ ಆಟ ಆಡಿದವರನ್ನು ಮಾತ್ರ ದೂರಿದರೆ ಅನ್ಯಾಯ ಆಗುತ್ತದೆ. ಜನ ಕೇಳಲಿ ಬಿಡಲಿ, ವರ್ಷಕ್ಕೆ ನಾಲ್ಕು ಹೊಸ ಮುಖ ಬರಲೇಬೇಕು ಅಂತ ಕಾನೂನು ಇತ್ತು. ಜೊತೆಗೆ ಸಕಜವೀಯ ನಾಣ್ಯವನ್ನೂ ಇಂತಿಷ್ಟು ಪಾಲು ಮಾಡಬೇಕು ಅಂತಲೂ ಇತ್ತು. ಪ್ರತಿ ಹೊಸ ಮುಖಕ್ಕೂ ಬ್ಯಾಂಕುಗಳು ಒಂದಿಷ್ಟು ತರಿಸಿಕೊಂಡು, ಖರ್ಚಾಗದ್ದನ್ನು ವಾಪಸ್ ಕಳಿಸಿದವು. ರಾಶಿಯ ದೊಡ್ಡ ಕಾರಣ ಅದು. ಕಾರ್ಡ್ ಆಟದವರು ಅದರ ಮೇಲೆ ಇನ್ನಷ್ಟು ಸುರಿದರು.

ಜನ ಆ ನಾಣ್ಯ ಯಾಕೆ ಬಳಸಲಿಲ್ಲ? ನಮ್ಮೂರಲ್ಲಿ ಹತ್ತು ರೂಪಾಯಿ ನಾಣ್ಯ ಬೇಡ ಅಂತಾರಲ್ಲ, ಹಾಗೇನಾ?

ಅರ್ಧ ಹೌದು, ಅರ್ಧ ಅಲ್ಲ. ಹತ್ತು ರೂಪಾಯಿ ನಾಣ್ಯಕ್ಕೆ ಅಂಟಿದ್ದು "ಇದು ನಡೆಯೋದಿಲ್ಲ" ಅನ್ನುವ ಗಾಳಿಸುದ್ದಿ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಅಂಗಡಿಯವರು, ಆಟೋದವರು ಈಗಲೂ ಮುಟ್ಟುವುದಿಲ್ಲ. ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಪ್ರಕಟಣೆ ಕೊಟ್ಟಿದೆ. 2018ರ ಜನವರಿಯಲ್ಲಿ ಹದಿನಾಲ್ಕು ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯವೂ ಚಲಾವಣೆಯಲ್ಲಿ ಇದೆ, ಎಲ್ಲಾ ಅಸಲಿ ಅಂತ ಹೇಳಿತು.

ಡಾಲರ್ ನಾಣ್ಯದ ಮೇಲೆ ಅಮೆರಿಕದವರಿಗೆ ಅನುಮಾನ ಇರಲಿಲ್ಲ, ಅಗತ್ಯ ಇರಲಿಲ್ಲ. ಪರ್ಸಿನಲ್ಲಿ ಮಡಚಿ ಇಡಬಹುದಾದ ನೋಟು ಇರುವಾಗ ಭಾರದ ನಾಣ್ಯ ಯಾರು ಹೊರುತ್ತಾರೆ? ಕೆನಡಾದಲ್ಲಿ 1987ರಲ್ಲಿ ಡಾಲರ್ ನಾಣ್ಯ ಬಂತು, 1989ರಲ್ಲಿ ನೋಟು ನಿಲ್ಲಿಸಿದರು. ಈಗ ಅಲ್ಲಿ ಎಲ್ಲರ ಜೇಬಿನಲ್ಲೂ ಆ ನಾಣ್ಯ ಇದೆ. ಬ್ರಿಟನ್ನಿನಲ್ಲಿ ಒಂದು ಪೌಂಡ್ ನೋಟು 1988ರಲ್ಲಿ ಹೋಯಿತು. ಅಮೆರಿಕ ಮಾತ್ರ ಎರಡನ್ನೂ ಜೊತೆಗೆ ಇಟ್ಟಿತು. ನೋಟು ಇರುವ ತನಕ ನಾಣ್ಯ ಗೆಲ್ಲುವುದಿಲ್ಲ.

## ಈಗಿನ ಮಾತು

ಈಗಲೂ ಟಂಕಸಾಲೆ ವೆಬ್‌ಸೈಟಲ್ಲಿ ಡಾಲರ್ ನಾಣ್ಯ ಇದೆ, ಕಾರ್ಡೂ ತಗೊಳ್ತಾರೆ. ಮಾಡಬಹುದಲ್ವಾ?

ಲೆಕ್ಕ ಕೂಡುವುದಿಲ್ಲ. ಈಗ ಸಿಗುವುದು ಸಂಗ್ರಹಕಾರರ ರೋಲ್ ಮತ್ತು ಚೀಲಗಳು. ಮುಖಬೆಲೆಗಿಂತ ಬೆಲೆ ಹೆಚ್ಚು. ನೀವು ಗಳಿಸುವ ಪಾಯಿಂಟಿಗಿಂತ ಆ ಹೆಚ್ಚುವರಿ ಬೆಲೆಯೇ ಜಾಸ್ತಿ.

ನಾಣ್ಯ ಹೋದ್ಮೇಲೆ ಗಿಫ್ಟ್ ಕಾರ್ಡ್ ಟ್ರಿಕ್ ಬಂತಂತೆ. ಅದು ನಡೆಯುತ್ತಾ?

ನೀವು ಚಾಪೆ ಕೆಳಗೆ ತೂರಿದರೆ ಬ್ಯಾಂಕು ರಂಗೋಲಿ ಕೆಳಗೆ ತೂರುತ್ತದೆ. ಅಂಗಡಿಯಲ್ಲಿ ಗಿಫ್ಟ್ ಕಾರ್ಡ್ ಕೊಂಡು, ಅದರಿಂದ ಮನಿ ಆರ್ಡರ್ ಮಾಡಿ, ಅದನ್ನು ಬ್ಯಾಂಕಿಗೆ ಕಟ್ಟುವುದು ಮುಂದಿನ ದಾರಿ ಆಯಿತು. ಇದರಲ್ಲಿ ಪ್ರತಿ ಹೆಜ್ಜೆಗೂ ಶುಲ್ಕ ಇದೆ. ನಾಣ್ಯದ ಹಾಗೆ ಪುಕ್ಕಟೆ ಅಲ್ಲ. ಎಷ್ಟೋ ಕಾರ್ಡುಗಳ ಷರತ್ತಿನಲ್ಲಿ ಈಗ ಗಿಫ್ಟ್ ಕಾರ್ಡ್ ಮತ್ತು ನಗದಿಗೆ ಸಮನಾದ ವಸ್ತುಗಳಿಗೆ ಪಾಯಿಂಟ್ ಇಲ್ಲ, ಬೋನಸ್ ಲೆಕ್ಕಕ್ಕೂ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಅತಿಯಾದರೆ ಖಾತೆಯನ್ನೇ ಮುಚ್ಚುತ್ತಾರೆ, ಕೂಡಿಟ್ಟ ಪಾಯಿಂಟ್ ಕೂಡ ಅದರ ಜೊತೆ ಹೋಗುತ್ತದೆ. ಕೆಲಸದ ವೀಸಾ ಮೇಲೆ ಅಮೆರಿಕದಲ್ಲಿ ಇರುವವರಿಗೆ ಸಂಬಳ ಬರುವ ಬ್ಯಾಂಕ್ ಖಾತೆ ದಿಢೀರ್ ಮುಚ್ಚಿದರೆ ಎಷ್ಟು ತಲೆನೋವು ಅಂತ ಒಮ್ಮೆ ಯೋಚಿಸಿ.

ಹೊಸ ಕಾರ್ಡಿನ ಬೋನಸ್‌ಗೆ ಮೂರು ತಿಂಗಳಲ್ಲಿ ಮೂರು ಸಾವಿರ ಮುಟ್ಟಿಸಬೇಕು. ನಾಣ್ಯ ಇಲ್ಲ, ಏನ್ ಮಾಡ್ಲಿ?

ಹೇಗೂ ಬರುವ ದೊಡ್ಡ ಖರ್ಚಿನ ತಿಂಗಳು ನೋಡಿ ಕಾರ್ಡಿಗೆ ಅರ್ಜಿ ಹಾಕಿ. ಕಾರಿನ ಇನ್ಶೂರೆನ್ಸ್, ಮಕ್ಕಳ ಬೇಸಿಗೆ ಶಿಬಿರದ ಫೀಸು, ಊರಿಗೆ ಹೋಗುವ ಟಿಕೆಟ್ಟೇ ಇರಬಹುದು. ಖರ್ಚು ಮೊದಲು, ಕಾರ್ಡ್ ಆಮೇಲೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಬಿಲ್ ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದಿದ್ದರೆ ಪಾಯಿಂಟ್ ಕಾರ್ಡ್ ತಗೊಳ್ಳಲೇಬೇಡಿ. ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಅಂದರೆ ಸಾವಿರ ಡಾಲರ್ ಬಾಕಿಗೆ ತಿಂಗಳಿಗೆ 15 ಡಾಲರ್. ಸಾವಿರ ಡಾಲರ್ ಖರ್ಚಿಗೆ ಬಂದ ಸಾವಿರ ಮೈಲ್ಸ್, ಮೈಲಿಗೆ ಒಂದು ಸೆಂಟ್ ಅಂತ ಹಿಡಿದರೆ, 10 ಡಾಲರ್. ಒಂದೇ ತಿಂಗಳ ಬಾಕಿ ಗಳಿಸಿದ್ದನ್ನೆಲ್ಲ ನುಂಗಿ ಮೇಲೆ ಐದು ಡಾಲರ್ ಕೇಳುತ್ತದೆ.

ಭಾರತದಲ್ಲಿ ಇಂಥದ್ದು ಮಾಡಬಹುದಾ?

ಇಲ್ಲ. ನಮ್ಮ ಸರ್ಕಾರಿ ಟಂಕಸಾಲೆಗಳು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದಲ್ಲಿವೆ. ಆನ್‌ಲೈನಿನಲ್ಲಿ ಮಾರುವುದು ಸ್ಮರಣಾರ್ಥ ನಾಣ್ಯಗಳು, ಅದೂ ಮುಖಬೆಲೆಗಿಂತ ಹೆಚ್ಚಿನ ಬೆಲೆಗೆ. ಚಲಾವಣೆಯ ನಾಣ್ಯ ಬೇಕಾದರೆ ಬ್ಯಾಂಕಿನ ಕೌಂಟರಿನಲ್ಲಿ ದುಡ್ಡು ಕೊಟ್ಟು ಬದಲಾಯಿಸಿಕೊಳ್ಳಬೇಕು. ಕಾರ್ಡಿನ ಮಾತೇ ಇಲ್ಲ.

ವಾಲೆಟ್‌ಗೆ ದುಡ್ಡು ತುಂಬುವುದು, ಮನೆ ಬಾಡಿಗೆ ನೆಪದಲ್ಲಿ ತಮ್ಮವರದೇ ಖಾತೆಗೆ ಕಳಿಸುವುದು ಇಲ್ಲಿನ ಪ್ರಯೋಗಗಳು. ಬ್ಯಾಂಕುಗಳು ಅದಕ್ಕೂ ಶುಲ್ಕ ಹಾಕಿ, ಪಾಯಿಂಟ್ ಕತ್ತರಿಸಿದವು.

ಡ್ರಾಯರ್‌ನಲ್ಲಿ ಹಳೇ ಡಾಲರ್ ನಾಣ್ಯ ಇದೆ. ಜಾಸ್ತಿ ಬೆಲೆ ಸಿಗುತ್ತಾ? ಊರಲ್ಲಿ ಬದಲಾಯಿಸಬಹುದಾ?

ಸಾಮಾನ್ಯವಾಗಿ ಒಂದು ಡಾಲರಿಗೆ ಒಂದೇ ಡಾಲರ್. ಬಣ್ಣ ನೋಡಿ ಚಿನ್ನ ಅಂದುಕೊಳ್ಳಬೇಡಿ, ಒಳಗೆ ತಾಮ್ರ, ಮೇಲೆ ಮ್ಯಾಂಗನೀಸ್ ಹಿತ್ತಾಳೆ.

ಒಂದು ಕೆಲಸ ಮಾತ್ರ ಮಾಡಿ. ಅಧ್ಯಕ್ಷರ ನಾಣ್ಯವನ್ನು ಬೆಳಕಿಗೆ ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಿ ನೋಡಿ. ಇಸವಿ, ಟಂಕಸಾಲೆಯ ಗುರುತಿನ ಅಕ್ಷರ, ಧ್ಯೇಯವಾಕ್ಯ ಎಲ್ಲ ಅಂಚಿನಲ್ಲೇ ಕೊರೆದಿರುತ್ತದೆ. 2007ರ ವಾಷಿಂಗ್ಟನ್ ನಾಣ್ಯಗಳಲ್ಲಿ ಒಂದಿಷ್ಟು ಈ ಬರಹ ಬೀಳದೆಯೇ ಹೊರಗೆ ಬಂದಿದ್ದವು. ಅಂಚು ನುಣ್ಣಗೆ ಇದ್ದರೆ ಸಂಗ್ರಹಕಾರರು ಮುಖಬೆಲೆಗಿಂತ ಜಾಸ್ತಿ ಕೊಡುತ್ತಾರೆ. ಉಜ್ಜಿ ತೊಳೆಯಬೇಡಿ, ಬೆಲೆ ಇಳಿಯುತ್ತದೆ.

ಊರಿಗೆ ತಂದರೆ ವಿದೇಶಿ ಹಣ ಬದಲಾಯಿಸುವವರು ಸಾಮಾನ್ಯವಾಗಿ ನೋಟು ಮಾತ್ರ ತಗೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ. ಅಮೆರಿಕದಲ್ಲೇ ಖರ್ಚು ಮಾಡಿ ಬನ್ನಿ, ಇಲ್ಲವೇ ಮಕ್ಕಳಿಗೆ ಕೊಡಿ.

## ಸ್ವಲ್ಪ ಆಳದ ಪ್ರಶ್ನೆಗಳು

ಹತ್ತು ಸಾವಿರ ಡಾಲರ್ ದಾಟದ ಹಾಗೆ ಸ್ವಲ್ಪ ಸ್ವಲ್ಪ ಕಟ್ಟಿದರೆ ಸೇಫ್ ಅಂತಾರೆ. ಹೌದಾ?

ದಯವಿಟ್ಟು ಈ ಸಲಹೆ ಕೇಳಬೇಡಿ. ಅಮೆರಿಕದಲ್ಲಿ ಒಂದೇ ದಿನ 10,000 ಡಾಲರಿಗಿಂತ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಸರ್ಕಾರಕ್ಕೆ ಒಂದು ವರದಿ ಕಳಿಸಬೇಕು. ನಾಣ್ಯವೂ ನಗದೇ. ಆ ವರದಿಯಿಂದ ನಿಮಗೆ ಏನೂ ತೊಂದರೆ ಇಲ್ಲ, ಅದೊಂದು ಮಾಮೂಲಿ ಕಾಗದ. ಆದರೆ ವರದಿ ತಪ್ಪಿಸಬೇಕು ಅಂತಲೇ ಮೊತ್ತವನ್ನು ತುಂಡು ತುಂಡು ಮಾಡಿ ಕಟ್ಟುವುದು ಫೆಡರಲ್ ಅಪರಾಧ. ದುಡ್ಡು ಪೂರ್ತಿ ನ್ಯಾಯವಾಗಿ ಗಳಿಸಿದ್ದಾದರೂ ಅಪರಾಧವೇ. ಜಮೀನು ಮಾರಿದ್ದು, ಚಿಟ್ ಎತ್ತಿದ್ದು, ಗೆಳೆಯರಿಂದ ಕೈಸಾಲ ಪಡೆದದ್ದು, ಯಾವ ನಗದಿಗಾದರೂ ಅಲ್ಲಿ ಇದೇ ನಿಯಮ.

ಹೀಗೆ ಗಳಿಸಿದ ಪಾಯಿಂಟಿಗೆ ಟ್ಯಾಕ್ಸ್ ಕಟ್ಟಬೇಕಾ?

ಅಮೆರಿಕದಲ್ಲಿ ಖರ್ಚು ಮಾಡಿ ಪಡೆದ ಕಾರ್ಡ್ ರಿವಾರ್ಡನ್ನು ಬೆಲೆಯಲ್ಲಿ ಸಿಕ್ಕ ರಿಯಾಯಿತಿ ಅಂತ ನೋಡುತ್ತಾರೆ, ಆದಾಯ ಅಂತ ಅಲ್ಲ. ಹಾಗಾಗಿ ಸಾಮಾನ್ಯ ಜನರಿಗೆ ತೆರಿಗೆ ಇಲ್ಲ. ಖರ್ಚೇ ಮಾಡದೆ, ಬ್ಯಾಂಕ್ ಖಾತೆ ತೆರೆದಿದ್ದಕ್ಕೆ ಸಿಗುವ ಬೋನಸ್ ಬೇರೆ, ಅದಕ್ಕೆ ತೆರಿಗೆ ಇದೆ.

ಆದರೆ ಕೊಂಡದ್ದೇ ದುಡ್ಡು ಆದರೆ? ಈ ಪ್ರಶ್ನೆ ನಾಣ್ಯದ ಕಾಲ ಮುಗಿದ ಮೇಲೆ ನ್ಯಾಯಾಲಯದ ಮುಂದೆ ಬಂತು. ಒಂದು ದಂಪತಿ 2013 ಮತ್ತು 2014ರಲ್ಲಿ ಕ್ಯಾಶ್‌ಬ್ಯಾಕ್ ಕಾರ್ಡಿನಲ್ಲಿ ರಾಶಿ ರಾಶಿ ಗಿಫ್ಟ್ ಕಾರ್ಡ್, ಮನಿ ಆರ್ಡರ್ ಕೊಂಡು ಮೂರು ಲಕ್ಷ ಡಾಲರಿಗೂ ಹೆಚ್ಚು ರಿವಾರ್ಡ್ ಪಡೆದಿದ್ದರು. ತೆರಿಗೆ ಇಲಾಖೆ ಇದು ಆದಾಯ ಅಂತ ವಾದಿಸಿತು. 2021ರಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ತೀರ್ಪು ಕೊಟ್ಟಿತು. ಗಿಫ್ಟ್ ಕಾರ್ಡ್ ಒಂದು ವಸ್ತು, ಅದರ ಮೇಲಿನ ರಿವಾರ್ಡ್ ರಿಯಾಯಿತಿ, ತೆರಿಗೆ ಇಲ್ಲ. ಕ್ರೆಡಿಟ್ ಕಾರ್ಡಿನಿಂದ ನೇರವಾಗಿ ಮನಿ ಆರ್ಡರ್ ಕೊಂಡದ್ದಕ್ಕೆ, ಡೆಬಿಟ್ ಕಾರ್ಡಿಗೆ ದುಡ್ಡು ತುಂಬಿದ್ದಕ್ಕೆ ಸಿಕ್ಕ ರಿವಾರ್ಡ್ ಮಾತ್ರ ಆದಾಯ. ಅಲ್ಲಿ ಕೊಂಡದ್ದು ವಸ್ತು ಅಲ್ಲ, ನಗದು. ಈ ತರ್ಕದಲ್ಲಿ ನೋಡಿದರೆ ಮುಖಬೆಲೆಗೆ ಕೊಂಡ ಚಲಾವಣೆಯ ನಾಣ್ಯ ಎರಡನೇ ಗುಂಪಿಗೆ ಹತ್ತಿರ ಅಂತ ನನಗೆ ಅನ್ನಿಸುತ್ತದೆ.

ಮೈಲ್ಸ್ ಕೂಡಿಟ್ಟುಕೊಂಡೇ ಹೋದರೆ ಮುಂದೆ ಉಪಯೋಗಕ್ಕೆ ಬರಲ್ವಾ?

ಬರುತ್ತದೆ, ಕಡಿಮೆ ಬರುತ್ತದೆ. ಮೈಲ್ಸ್‌ಗೆ ಬಡ್ಡಿ ಇಲ್ಲ. ಬೆಲೆ ನಿಗದಿ ಮಾಡುವುದು ವಿಮಾನ ಸಂಸ್ಥೆ, ಬದಲಾಯಿಸುವುದೂ ಅದೇ. ಯಾವ ಊರಿಗೆ ಎಷ್ಟು ಮೈಲ್ಸ್ ಅಂತ ಹಿಂದೆ ಅಚ್ಚು ಹಾಕಿದ ಪಟ್ಟಿ ಇರುತ್ತಿತ್ತು. ಡೆಲ್ಟಾ 2015ರಲ್ಲಿ ಆ ಪಟ್ಟಿ ತೆಗೆಯಿತು, ಯುನೈಟೆಡ್ 2019ರಲ್ಲಿ ತೆಗೆಯಿತು. ಈಗ ದರ ದಿನಕ್ಕೊಂದು ಥರ. 202 ಕೆಜಿ ಹೊತ್ತು ಗಳಿಸಿದ ಆ 25,000 ಮೈಲ್ಸ್ ಇನ್ನೂ ಖಾತೆಯಲ್ಲೇ ಇದ್ದರೆ, ಡಿಸೆಂಬರ್ ರಜೆಯ ಹೊತ್ತಿಗೆ ಅದಕ್ಕೆ ಒಂದು ಕಡೆಯ ಟಿಕೆಟ್ ಸಿಗುವುದೂ ಅನುಮಾನ. ಊರಿಗೆ ಹೋಗುವ ದಿನ ಗೊತ್ತಿದ್ದರೆ ಟಿಕೆಟ್ ಬಿಟ್ಟ ಕೂಡಲೇ ಬುಕ್ ಮಾಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಹನ್ನೊಂದು ತಿಂಗಳು ಮೊದಲೇ ನೋಡಲು ಶುರು ಮಾಡಿ. ಫ್ರಾಂಕ್‌ಫರ್ಟ್, ಲಂಡನ್ ಮೂಲಕ ಬೆಂಗಳೂರಿಗೆ ಬರುವ ಸೀಟುಗಳು ಬೇಗ ಖಾಲಿಯಾಗುತ್ತವೆ.